ಬಯಲಿನ ಭಾಷಣ

೯-೮-೧೯೭೭, ಮಂಗಳವಾರ

ನೆರೆಮನೆಯ ಏಕಾಂತಯ್ಯನವರ ಸಮಾಧಾನದ ಮಾತು ಇನ್ನೂ ಮೈ ಉರಿಸುತ್ತಿದೆ. ಮಗಳು ನೀಲಾಳನ್ನು ಮಣ್ಣು ಮಾಡಿ ಹನ್ನೊಂದು ದಿನ.

"ಬಸವ ಜಯಂತಿ ಭಾಷಣದಲ್ಲಿ ನೀವೇ ಹೇಳಿದ್ರಲ್ಲ ಮೇಷ್ಟ್ರೇ, ಪರಮಾಣು ಒಳಗೆ ಬರೀ ಖಾಲಿ, ಶರಣರ ಬಯಲೂ ಅದೇ ಅಂತ. ಮಗು ಬಯಲಾಯ್ತು, ಅಳಬೇಡಿ," ಎಂದರು.

ಹೌದು, ಹೇಳಿದ್ದೆ. ರಾಜಾಜಿನಗರದ ಆ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನೀಲಾ. ಮನೆಗೆ ಬರುವಾಗ ನನ್ನ ಕೈ ಹಿಡಿದು ಕೇಳಿದಳು: "ಖಾಲಿ ಆದ್ರೆ ನನ್ ಕೈ ನಿಮ್ ಕೈಯೊಳಗೆ ಯಾಕೆ ತೂರಲ್ಲ ಅಪ್ಪಾ?"

"ಕಣಗಳು ಒಂದನ್ನೊಂದು ದೂಡ್ತವೆ ಕಣೇ. ನಿಜವಾಗ್ಲೂ ಯಾರೂ ಯಾರನ್ನೂ ಮುಟ್ಟೋದೇ ಇಲ್ಲ," ಎಂದೆ. ಎಷ್ಟು ಜಂಬ ನನಗೆ!

ಸಮಾಧಿಯಲ್ಲಿ ಕೂರಿಸಿ, ಅವಳ ಅಂಗೈಯಲ್ಲಿ ಲಿಂಗವಿಟ್ಟು ಬೆರಳು ಮಡಚಿದವನು ನಾನೇ. ನಾನು ಮುಟ್ಟಲೇ ಇಲ್ಲವಾದರೆ, ಆ ಬೆರಳುಗಳ ತಣುಪು ನನ್ನ ಕೈಯಿಂದ ಯಾಕೆ ಹೋಗುತ್ತಿಲ್ಲ?