ರೇಣು ಸುಮ್ಮನೆ ಕುಳಿತಾಗ

ಪುಣೆ, ಸೋಮವಾರ

ಶಿವಗಂಗಾ ಸಿದ್ರಾಮಪ್ಪ ಅಂಗಡಿ, ಮೂವತ್ನಾಲ್ಕು ವರ್ಷ ಕನ್ನಡ ಶಿಕ್ಷಕಿಯಾಗಿ ಸೇವೆ ಸಲ್ಲಿಸಿದವಳು, ತಂಗಿಗೆ ತಿಳಿಸುವುದು:

ನಾಲ್ವರ ತಂಡದ ಹಾಡಿನಲ್ಲಿ ಮಗಳು ರೇಣುವಿನ ದನಿಯೇ ಕೇಳುವುದಿಲ್ಲ, ಧಾರವಾಡಕ್ಕೆ ಕರೆದುಕೊಂಡು ಬಾ ಎಂದು ನನ್ನನ್ನು ಕಳುಹಿಸಿದೆಯಲ್ಲವೆ? ನಿನ್ನೆ ಕಸಬಾ ಪೇಟೆಯ ವಾಡೆಯೊಂದರ ಜಗಲಿಯಲ್ಲಿ ಅವರ ತಾಲೀಮು ನೋಡಿದೆ. ಒಂದು ಗಿಟಾರ್, ದಿಮಡಿ ಎಂಬ ಒಂದು ಪುಟ್ಟ ಚರ್ಮವಾದ್ಯ, ಮೈಕಿಲ್ಲ. ಹಾಡನ್ನು ನಾಲ್ವರೂ ಕೂಡಿ ಕಟ್ಟುತ್ತಾರೆ. ಒಬ್ಬರು ಬರೆದ ಸಾಲನ್ನು ಮೊದಲು ಇನ್ನೊಬ್ಬರೇ ಹಾಡಬೇಕು; ಅವರ ಬಾಯಲ್ಲಿ ನಿಂತರೆ ಮಾತ್ರ ಅದು ಉಳಿಯುತ್ತದೆ. ಇಂಥ ಶಿಸ್ತನ್ನು ನನ್ನ ತರಗತಿಯಲ್ಲೂ ಕಂಡಿರಲಿಲ್ಲ.

ಆದರೂ ಪರೀಕ್ಷಿಸದೆ ಬಿಡಲಿಲ್ಲ. "ರೇಣು, ನೀ ಸುಮ್ನ ಕೂಡು. ಮೂರು ಮಂದಿ ಹಾಡ್ರಿ" ಎಂದೆ. ಎರಡನೆಯ ಸಾಲಿಗೇ ಮೂವರೂ ತಡವರಿಸಿದರು. ಜೊತೆಗಾತಿ ಪ್ರಾಚಿ ನಕ್ಕುಬಿಟ್ಟಳು: "ಟೀಚರ್, ಬುಡಾನ ತಗದ್ರಲ್ರಿ! ಹಾಡು ಎಲ್ಲಿ ನಿಂದರಬೇಕು?"

ನಿನ್ನ ಮಗಳು ಎಲ್ಲರಿಗಿಂತ ಕೆಳಗಿನ ಸ್ವರದಲ್ಲಿ ಹಾಡುತ್ತಾಳೆ, ತಂಗಿ. ಉಳಿದವರು ಅದರ ಮೇಲೆ ನಿಂತಿದ್ದಾರೆ. ಅವಳನ್ನು ನಾನು ಕರೆತರುವುದಿಲ್ಲ.

ಮೊಣಕಾಲು ನೋವು ಕಡಿಮೆ, ಗುಳಿಗೆ ತಪ್ಪಿಸಿಲ್ಲ. ಅಂಚೆಯ ಹೊತ್ತಾಯಿತು, ಈ ಕಾರ್ಡನ್ನು ಲಗತ್ತುಗಳೊಂದಿಗೆ ಲಕೋಟೆಯಲ್ಲಿಟ್ಟು ಕಳುಹಿಸುತ್ತಿದ್ದೇನೆ.

ನಿನ್ನ ಅಕ್ಕ

ಲಗತ್ತು: ಹಾಡಿನ ಹಾಳೆ ಒಂದು, ಬರುವ ಶನಿವಾರದ ಅವರ ಕಾರ್ಯಕ್ರಮಕ್ಕೆ ನಿನ್ನ ಹೆಸರಿನ ಪಾಸು, ನೀನು ಬರಲು ರೈಲಿನ ಟಿಕೆಟ್, ರೇಣುವಿಗೆಂದು ನೀನು ತೆಗೆಸಿದ್ದ ಧಾರವಾಡದ ಟಿಕೆಟ್ಟನ್ನು ರದ್ದು ಮಾಡಿಸಿದ ರಸೀದಿ.