ಮಾದರಿ ಹದಿಮೂರು

ಫೆಬ್ರವರಿ 11, ಮಂಗಳವಾರ

ಲ್ಯಾಬಿನ ಬೀಗ ತೆಗೆದದ್ದು ಹತ್ತಕ್ಕೆ. ಒಂಬತ್ತೂವರೆಯಿಂದ ಬಾಗಿಲಲ್ಲೇ ನಿಂತಿದ್ದೆ. ಫಂಗಸ್ ಬೆಳೆಸಲು ಮತ್ತೆ ಆಲೂಗಡ್ಡೆ ಬೇಯಿಸು, ಅಗರ್ ಪುಡಿ ಬೆರೆಸು, ಪ್ಲೇಟಿಗೆ ಹುಯ್ಯಿ... ಮೂರನೇ ವರ್ಷದ ಬಯಾಲಜಿ ಎಂದರೆ ಅರ್ಧ ಅಡುಗೆಮನೆ.

ಪ್ರಾಜೆಕ್ಟು: ಖರ್ಜೂರದ ಬೇರಿನೊಳಗಿನ ಫಂಗಸ್. ಹದಿಮೂರು ಮಾದರಿ. ಹನ್ನೆರಡು ಕಾಲೇಜು ತೋಟದ ಸೊರಗಿದ ಮರಗಳವು. ಹದಿಮೂರನೆಯದು ಹೋಲಿಕೆಗೆ, ಆರೋಗ್ಯವಂತ ಮರದ್ದು. ಅದನ್ನು ರಜೆಯಲ್ಲಿ ಊರಿನಿಂದ ತಂದೆ. ಅಪ್ಪನ ತೋಟದಲ್ಲಿ ಅತಿ ಹಸಿರಾಗಿರುವುದು ನನ್ನ ಮರವೇ, ಬೇರು ಅದರದ್ದು.

ಸಂಜೆ ಇನ್ಸ್‌ಪೆಕ್ಟರ್ ಪರೀಕ್ಷೆಯ ಓದು. ಸಸ್ಯ ರಕ್ಷಣಾ ಇಲಾಖೆ, ಮೇ ತಿಂಗಳು, ಇಡೀ ಜಿಲ್ಲೆಗೆ ಎರಡೇ ಹುದ್ದೆ. ರೂಮಿನ ನೆಸ್ರಿನ್ ಹಾಸಿಗೆ ಮೇಲೆ ಬಿದ್ದುಕೊಂಡೇ ಉಪದೇಶ ಮಾಡಿದಳು:

“ಏನೇ ವಿಸಾಲ್, ಬಯಾಲಜಿ ಓದ್ದೋರಿಗೆ ಈ ದೇಶದಲ್ಲಿ ಎರಡೇ ದಾರಿ. ಔಷಧಿ ಅಂಗಡೀಲಿ ಕಸ ಹೊಡಿ, ಇಲ್ಲಾ ಮದ್ವೆ ಆಗು. ಎರಡ್ರಲ್ಲೂ ಪೊರಕೆ ಗ್ಯಾರಂಟಿ.”

ನಕ್ಕೆ. ಆದರೆ ನನಗೆ ಮೂರನೆಯ ದಾರಿ ಬೇಕು.

ಫೆಬ್ರವರಿ 18, ಬೆಳಗ್ಗೆ

ಹನ್ನೆರಡು ಪ್ಲೇಟಿನಲ್ಲೂ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಹದಿಮೂರರಲ್ಲಿ ಬಿಳಿ ಹತ್ತಿಯಂಥದ್ದು, ತಳದಲ್ಲಿ ತೆಳು ಗುಲಾಬಿ.

ಪ್ರಾಜೆಕ್ಟಿನ ಗೈಡ್ ಗೆರ್ಫಿ ಮೇಡಂ ಕನ್ನಡಕ ಏರಿಸಿ ನೋಡಿದರು. “ಕೈ ತೊಳ್ಕೊಂಡಿದ್ದೇನಮ್ಮಾ? ಆರೋಗ್ಯದ ಮರದಲ್ಲಿ ಇದು ಬರೋ ಹಾಗಿಲ್ಲ. ಎಲ್ಲೋ ಗಲೀಜಾಗಿದೆ. ಮೊದಲಿಂದ ಮಾಡು.”

ಗಲೀಜೇ ಇರಬೇಕು.

ಮಾರ್ಚ್ 9

ಉಪವಾಸದ ಒಂಬತ್ತನೇ ದಿನ. ಮೂರನೇ ಸಲ ಮಾಡಿದೆ. ಮೂರನೇ ಸಲವೂ ಅದೇ ಗುಲಾಬಿ. ಮೇಡಂ ಈಗ ಬೈಯಲಿಲ್ಲ, ಅದೇ ಭಯ. ಡಿಎನ್‌ಎ ಪರೀಕ್ಷೆಗೆ ಕಳಿಸಿದರು.

“ಈ ಹದಿಮೂರು ಎಲ್ಲಿದು?”

“ಊರಿಂದು ಮೇಡಂ.”

“ಊರಲ್ಲಿ ಯಾರ ತೋಟ?”

“ಕೇಳಿ ಹೇಳ್ತೀನಿ” ಎಂದೆ. ಉಪವಾಸದ ಬಾಯಲ್ಲಿ ಸುಳ್ಳು. ಇಫ್ತಾರಿನ ಶೋರ್ಬಾ ಸೂಪನ್ನು ನೆಸ್ರಿನ್‌ಗೇ ಕೊಟ್ಟೆ.

ಮಾರ್ಚ್ 23, ಭಾನುವಾರ

ಡಿಎನ್‌ಎ ವರದಿ ಬಂತು. ಬಯೂದ್, ಖರ್ಜೂರದ ಮಾರಿ ರೋಗ.

ಅದರ ಪಾಠ ನನಗೆ ಬಾಯಿಪಾಠ. ಗರಿ ಮೊದಲು ಒಂದು ಮಗ್ಗುಲು ಬೆಳ್ಳಗಾಗುತ್ತದೆ, ಆಮೇಲೆ ಇನ್ನೊಂದು ಮಗ್ಗುಲು. ವರ್ಷ ಎರಡು ವರ್ಷದೊಳಗೆ ಮರ ಸಾಯುತ್ತದೆ. ಔಷಧಿಯಿಲ್ಲ. ಬೇರಿನಿಂದ ಬೇರಿಗೆ ದಾಟುತ್ತದೆ. ದೇಶದ ಪಶ್ಚಿಮದ ಓಯಸಿಸ್‌ಗಳನ್ನು ತಿಂದು ಮುಗಿಸಿದೆ, ನಮ್ಮ ಕಡೆ ಕಾಲಿಟ್ಟಿಲ್ಲ. ಅದಕ್ಕೇ ಆ ಕಡೆಯ ಖರ್ಜೂರದ ಬುಡದಲ್ಲಿ ಏಳುವ ಮರಿಯನ್ನು ಈ ಕಡೆ ತರುವುದು ಅಪರಾಧ. ಕೆಲವು ಜಾತಿಯ ಮರಗಳು ಮಾತ್ರ ರೋಗ ಹೊತ್ತೂ ಹಸಿರಾಗಿ ನಿಂತಿರುತ್ತವೆ. ಅಂಥವೇ ಹೆಚ್ಚು ಅಪಾಯ.

ನನ್ನ ಮರ ಅಂಥದ್ದು. ತಂದವಳು ನಾನು.

ಮೊದಲ ವರ್ಷದ ಪ್ರವಾಸ. ಪಶ್ಚಿಮದ ಒಂದು ಹಳ್ಳಿಯಲ್ಲಿ ನಮಗೆ ಊಟ ಹಾಕಿದ ಅಜ್ಜಿ ಮೊಣಕಾಲುದ್ದದ ಮರಿ ತಂದು ಕೈಗಿಟ್ಟಳು. “ಅಷ್ಟು ದೂರದಿಂದ ಬಂದು ಅಪ್ಪನ ಮನೆಗೆ ಬರಿಗೈಲಿ ಹೋಗ್ತೀಯೇನೇ? ಹಿಡಿ.” ಬೇಡ ಎನ್ನುವುದುಂಟೇ? ಬೇರು, ಮಣ್ಣು ಏನೂ ತರಬೇಡಿ ಎಂದು ಮೇಷ್ಟ್ರು ಬಸ್ಸಿನಲ್ಲಿ ಹೇಳಿದ್ದರು. ಕೇಳಿಸಿಕೊಂಡಿದ್ದೆ. ನಿಯಮ ಲಾರಿಗಟ್ಟಲೆ ಸಾಗಿಸುವವರಿಗೆ, ನನ್ನ ಒಂದು ಮರಿಗೇನು ಎಂದುಕೊಂಡೆ. ಒದ್ದೆ ಗೋಣಿ ಸುತ್ತಿ, ಬಟ್ಟೆಯ ಚೀಲದ ತಳದಲ್ಲಿಟ್ಟೆ. ತಪಾಸಣೆಯವನು ಚೀಲ ಮುಟ್ಟಲೂ ಇಲ್ಲ.

ಅಪ್ಪ ಅದನ್ನು ತಾತನ ಮರಗಳ ನಡುವೆ ನೆಟ್ಟು ‘ವಿಸಾಲ್’ ಎಂದು ನನ್ನದೇ ಹೆಸರಿಟ್ಟರು.

ಮಾರ್ಚ್ 24

ಮೇಡಂ ಮತ್ತೆ ಕೇಳಿದರು, ಯಾರ ತೋಟ ಎಂದು ತಿಳಿಯದೆ ಇಲಾಖೆಗೆ ಬರೆಯುವಂತಿಲ್ಲವಂತೆ. ಜ್ವರ ಎಂದು ಹೇಳಿ ಬಂದೆ.

ಏಪ್ರಿಲ್ 10, ಗುರುವಾರ, ಮಧ್ಯಾಹ್ನ

ಹದಿನೇಳು ದಿನ ಇದರಲ್ಲಿ ಬರೆಯಲಿಲ್ಲ. ಬರೆದರೆ ನಿಜವಾಗುತ್ತದೆ ಎಂಬ ಹೆದರಿಕೆ. ಹಬ್ಬಕ್ಕೂ ಊರಿಗೆ ಹೋಗಲಿಲ್ಲ, ಓದಬೇಕು ಎಂದೆ. ಲ್ಯಾಬಿಗೂ ಹೋಗಿಲ್ಲ. ಬಿಸಿ ತುಪ್ಪ, ನುಂಗಲೂ ಆಗದು ಉಗುಳಲೂ ಆಗದು. ಹೇಳಿದರೆ ಅಪ್ಪನ ಎಪ್ಪತ್ತು ಮರಗಳನ್ನೂ ಸುಡುತ್ತಾರೆ. ಹೇಳದಿದ್ದರೆ ಊರಿಗೆ ಊರೇ ಹೋಗುತ್ತದೆ. ಮರಿ ತಂದವಳು ನಾನೆಂದು ಗೊತ್ತಾದರೆ ಇನ್ಸ್‌ಪೆಕ್ಟರ್ ಹುದ್ದೆಗೆ ಎಳ್ಳುನೀರು. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಬೇಲಿಯ ಕೆಲಸ ಯಾರು ಕೊಡುತ್ತಾರೆ?

ಈಗ ಅಪ್ಪನ ಫೋನ್. ಹೂಗೊನೆಗಳಿಗೆ ಕೈಯಿಂದ ಪರಾಗ ಹಾಕಿ ಈಗಷ್ಟೇ ಮರ ಇಳಿದಿದ್ದರು, ಏದುಸಿರು.

“ಡಾಕ್ಟರಮ್ಮಾ, ನಿನ್ನ ತಾತನ ಮರದಲ್ಲಿ ಒಂದು ಗರಿ ಅರ್ಧ ಬೆಳ್ಳಗಾಗಿದೆ ಕಣೆ. ಒಂದೇ ಮಗ್ಗುಲು. ವಿಚಿತ್ರ! ನಿನ್ನ ಮರ ನೋಡು, ಪಕ್ಕದಲ್ಲೇ ರಾಜನ ಹಾಗೆ ನಿಂತಿದೆ. ಎರಡು ಮರಿನೂ ಹಾಕಿದೆ. ಪಕ್ಕದ ತೋಟದ ಬೆಲ್ಗಾಸೆಂಗೆ ಒಂದು ಕೊಡ್ತೀನಿ ಅಂದಿದೀನಿ. ನಾಳೆ ನಮಾಜ್ ಮುಗಿಸಿ ಕಿತ್ತುಕೊಡೋದು.”

“ಬೇಡಪ್ಪಾ!”

“ಯಾಕೇ, ಜಿಪುಣಿ? ಒಂದು ಮರಿಗೇನು?”

ನಾನೇ ಅಂದುಕೊಂಡ ಮಾತು, ಅಪ್ಪನ ಬಾಯಲ್ಲಿ. ಬರುತ್ತೇನೆ, ಅಲ್ಲಿಯವರೆಗೆ ಮುಟ್ಟಬೇಡಿ ಎಂದೆ. ನೆಸ್ರಿನ್ ಚೀಲ ತುಂಬಿಕೊಟ್ಟಳು. ಇಲಾಖೆಯ ರೋಗ ವರದಿಯ ಫಾರಂ ನನ್ನ ಓದುವ ಪುಸ್ತಕದಲ್ಲೇ ಇತ್ತು, ಎರಡು ಪ್ರತಿ. ಹಾಕಿಕೊಂಡೆ.

ಏಪ್ರಿಲ್ 11, ಶುಕ್ರವಾರ, ಸಂಜೆ ನಾಲ್ಕು. ಊರು.

ಹೇಳಿಬಿಟ್ಟೆ. ಕಾಲುವೆಯ ದಂಡೆ ಮೇಲೆ ಕೂತು, ಅಜ್ಜಿ, ಗೋಣಿ, ಪ್ಲೇಟು, ಎಲ್ಲ.  ಅಪ್ಪ ಕೇಳಿದರು:

“ಈ ಸಲ ಹೂಗೊನೆ ಚೆನ್ನಾಗಿ ಬಂದಿದೆ. ಅಕ್ಟೋಬರ್ ಕೊಯ್ಲಿನ ತನಕ ಬಿಡ್ತಾರಾ?”

“ಇಲ್ಲಪ್ಪಾ.”

“ತಾತನ ಮರಾನೂ?”

“ಅದನ್ನೇ ಮೊದಲು.”

ಎದ್ದು ಹೋದರು. ಒಂದೊಂದು ಮರದ ಬಳಿ ನಿಂತು, ಬೆನ್ನು ತಟ್ಟುವ ಹಾಗೆ ತಟ್ಟುತ್ತ ತೋಟದ ಕೊನೆವರೆಗೂ ನಡೆದರು. ಬೈದಿದ್ದರೆ, ಹೊಡೆದಿದ್ದರೆ ಬದುಕುತ್ತಿದ್ದೆ. 

ಏಪ್ರಿಲ್ 12, ಶನಿವಾರ, ಬೆಳಗ್ಗೆ ಎಂಟು

ಅಪ್ಪ ಚಹಾ ಕೊಟ್ಟು ಎದುರಿಗೆ ಕೂತರು.

“ಫಾರಂ ತುಂಬು. ಮರಿ ತಂದೋನು ನಾನು ಅಂತ ಬರಿ.”

“ಅಪ್ಪಾ—”

“ಸುಮ್ನಿರೇ. ನನ್ನ ತೋಟ ಹೇಗೂ ಹೋಯ್ತು. ದಂಡ ಹಾಕ್ತಾರೆ, ಬೈತಾರೆ, ಮುದುಕ ಅಂತ ಬಿಡ್ತಾರೆ. ನಿನ್ನ ಪರೀಕ್ಷೆ ಯಾಕೆ ಹಾಳಾಗಬೇಕು? ಮರ ಓದ್ಕೊಂಡು ಬಾ ಅಂತ ಕಳಿಸಿದ್ದು ನಾನು.”

“ಬೆಲ್ಗಾಸೆಂ ಏನಂತಾನೆ? ಊರೋರು?”

“ಅನ್ನೋರು ಅನ್ಕೊಳ್ಳಲಿ.”

ಅನ್ನುತ್ತಾರೆ. ಊರಿನ ಖರ್ಜೂರ ಕೊಂದವನು ಲಖ್ದರ್ ಎಂದು ಅಪ್ಪನ ಹೆಸರು ಹಿಡಿದು ಅವರ ಮೊಮ್ಮಕ್ಕಳೂ ಅನ್ನುತ್ತಾರೆ. ಅಪ್ಪನಿಗೂ ಗೊತ್ತು.

ಎಂಟೂವರೆ

ಸ್ಥಳ ತುಂಬಿದೆ. ಮರಗಳ ಸಂಖ್ಯೆ ತುಂಬಿದೆ. ‘ಸೋಂಕಿತ ಗಿಡ ತಂದವರು’: ಲಖ್ದರ್ ಎಂದು ಬರೆದೆ.  ಅಕ್ಷರ ದುಂಡಗೆ ಬಂದಿದೆ. ಥೂ, ನಾನು ಎಂಥವಳು.

“ಬರದ್ಯಾ?” ಅಂಗಳದಿಂದ ಅಪ್ಪ.

“ಹ್ಞೂಂ.”

ಕೊಡಲಿ ಮಸೆಯುತ್ತಿದ್ದಾರೆ. ಇಲಾಖೆಯವರು ಬಂದಾಗ ತಾತನ ಮರಕ್ಕೆ ಮೊದಲ ಏಟು ತಾನೇ ಹಾಕಬೇಕಂತೆ, ಬೇರೆಯವರ ಕೈಗೆ ಕೊಡುವುದಿಲ್ಲವಂತೆ. ಕಲ್ಲಿನ ಮೇಲೆ ಕಬ್ಬಿಣದ ಸದ್ದು. ನಿಲ್ಲುತ್ತದೆ, ಮೂಗು ಒರೆಸಿಕೊಳ್ಳುತ್ತಾರೆ, ಮತ್ತೆ ಶುರು.

ಫಾರಮ್ಮಿನ ಇನ್ನೊಂದು ಪ್ರತಿ ಚೀಲದಲ್ಲಿದೆ. ತೆಗೆದು ಮುಂದಿಟ್ಟುಕೊಂಡೆ. ಸ್ಥಳ ಬರೆದೆ. ಮರ ಎಪ್ಪತ್ತು ಎಂದು ಬರೆದೆ. ತಂದವರು:

ಸದ್ದು ನಿಂತಿತು. ಅಪ್ಪ ಒಳಗೆ ಬರುತ್ತಿದ್ದಾರೆ, ಬೇಗ ಬರೆಯಬೇಕು, ನನ್ನ ಹೆಸರು