ಮಧ್ಯಾಹ್ನ ಮೂರಕ್ಕೆ ಬೀಗ ಹಾಕಿದ ಮನೆ

ವೇತನ ಸಂಶೋಧನಾ ಸಂಸ್ಥೆಯ ಮಾನ್ಯ ನಿರ್ದೇಶಕರೇ,

ನಮ್ಮ ಬಡಾವಣೆಯಲ್ಲಿ ಕೂಲಿ ಏರಿದೆ, ಮೇಲಿನವರ ಮತ್ತು ಕೆಳಗಿನವರ ನಡುವಿನ ಗಳಿಕೆಯ ಅಂತರ ತಗ್ಗಿದೆ ಎಂದು ನಿಮ್ಮ ವರದಿ ಸಾರಿದೆ. ಓದಿ ಸಂತೋಷವಾಯಿತು. ಏರಿದ ಕೂಲಿ ಯಾರ ಮನೆಗೆ ಹೋಯಿತೆಂದು ತಿಳಿಸಿದ್ದರೆ ನಾವೂ ಹೋಗಿ ಕಣ್ತುಂಬ ನೋಡಿ ಬರುತ್ತಿದ್ದೆವು. ಈ ವರದಿಯನ್ನೇ ಮುಂದಿಟ್ಟುಕೊಂಡು ವೇತನ ಸಮಿತಿಯು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದವರಿಗೆ ಕೂಲಿ ಹೆಚ್ಚಿಸುವ ಮಾತನ್ನು ಕೈಬಿಟ್ಟಿದೆ. ಅಲ್ಲಿ ಬೆಳಿಗ್ಗೆ ಆರರಿಂದ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವವಳು ನಾನು.

ನಿಮ್ಮ ಸಮೀಕ್ಷೆಯವರು ನಮ್ಮ ಬೀದಿಗೆ ಬಂದದ್ದು ಒಂದು ಮಂಗಳವಾರ, ಮಧ್ಯಾಹ್ನ ಮೂರಕ್ಕೆ. ದುಡಿಯುವವರನ್ನು ಮನೆಯಲ್ಲಿ ಹುಡುಕಲು ಎಂಥ ಶುಭಗಳಿಗೆ! ನನ್ನ ಬಾಗಿಲಿಗೆ ಹೊರಗಿನಿಂದ ಬೀಗ. ಒಳಗೆ ಎಂಟು ವರ್ಷದ ಮಗಳು. ಅವಳನ್ನು ಶಾಲೆಯಿಂದ ಕರೆತಂದು, ಉಣ್ಣಿಸಿ, ಬೀಗ ಹಾಕಿ ಎರಡನೆಯ ಕೆಲಸಕ್ಕೆ ಓಡುತ್ತೇನೆ. ಹೆತ್ತವಳು ಹೀಗೆ ಮಾಡಬಹುದೇ ಎಂದು ನೀವು ಕೇಳಬೇಡಿ, ನಾನೇ ದಿನಾ ಕೇಳಿಕೊಳ್ಳುತ್ತೇನೆ. ಬಾಗಿಲು ಬಡಿದ ಸದ್ದಿಗೆ ಅವಳು ಕಿಟಕಿಗೆ ಬಂದಳಂತೆ.

"ಮನೇಲಿ ಯಾರಿದಾರಮ್ಮ?"

"ನಾನಿದೀನಿ."

"ದೊಡ್ಡೋರು?"

"ಅಮ್ಮ ಕೆಲಸಕ್ಕೆ ಹೋಗಿದಾರೆ. ಬೀಗದ ಕೈ ಅವರ ಹತ್ರಾನೇ ಇದೆ."

ಗುರುವಾರವೂ ಬಂದರು. ಅದೇ ಹೊತ್ತು, ಅದೇ ಬೀಗ. ಸಂಜೆ ಮಗಳು ಮುಖ ಊದಿಸಿಕೊಂಡಿದ್ದಳು. "ಅಮ್ಮಾ, ನಾನಿದೀನಿ ಅಂತ ಕೂಗಿ ಹೇಳಿದ್ರೂ ಅವರು 'ಯಾರೂ ಇಲ್ಲ' ಅಂದ್ಕೊಂಡು ಬರ್ಕೊಂಡ್ರು. ಯಾಕೆ?"

ಉತ್ತರ ನಿಮ್ಮ ವರದಿಯ ಕೊನೆಯ ಪುಟದ ಸಣ್ಣಕ್ಷರದಲ್ಲಿ ಸಿಕ್ಕಿತು. ಎರಡು ಸಲ ಬೀಗ ಕಂಡ ಮನೆಯನ್ನು ಬಿಟ್ಟು ಪಕ್ಕದ ಮನೆಯನ್ನು ಸೇರಿಸಿಕೊಳ್ಳುವುದು ನಿಯಮವಂತೆ. ನಮ್ಮ ಪಕ್ಕದಲ್ಲಿರುವುದು ಹಲ್ಲಿನ ಡಾಕ್ಟರು. ಒಳ್ಳೆಯವರು, ಕೆಳಗೇ ಕ್ಲಿನಿಕ್ಕು, ಮೇಲೆ ಮನೆ, ಯಾವಾಗ ಹೋದರೂ ಸಿಗುತ್ತಾರೆ. ಹಾಗೆ ನನ್ನ ಜಾಗದಲ್ಲಿ ಅವರ ಗಳಿಕೆ ಬಂದು ಕುಳಿತಿತು. ಬೀದಿಬೀದಿಗೂ ಹೀಗೆ ಮಾಡಿದರೆ ಕೂಲಿ ಏರದೆ ಇನ್ನೇನಾದೀತು? ಸಮೀಕ್ಷೆಯವರನ್ನು ನಾನು ದೂರುವುದಿಲ್ಲ. ಅವರಿಗೆ ತುಂಬಿದ ಫಾರಮ್ಮಿಗಿಷ್ಟು ಎಂದು ಸಂಬಳವಂತೆ. ಬೀಗ ನೋಡುತ್ತ ನಿಂತರೆ ಹೊಟ್ಟೆ ತುಂಬುತ್ತದೆಯೇ? ಆದರೆ ಆ ನಿಯಮ ಬರೆದ ಪುಣ್ಯಾತ್ಮರು ಎರಡು ಕಡೆ ದುಡಿಯುವವರು ಮಧ್ಯಾಹ್ನ ಎಲ್ಲಿರುತ್ತಾರೆಂದು ಒಮ್ಮೆಯಾದರೂ ಯೋಚಿಸಿದರೇ?

ಆ ಮಂಗಳವಾರ ಮೂರಕ್ಕೆ ನಾನೆಲ್ಲಿದ್ದೆ ಗೊತ್ತೇ? ನಿಮ್ಮ ಕೋಣೆಯಲ್ಲಿ, ಸ್ವಾಮಿ. ನಿಮ್ಮ ಮೇಜಿನಡಿ ನೆಲ ಒರೆಸುತ್ತಿದ್ದೆ. "ಸಾರ್, ಕಾಲು ಸ್ವಲ್ಪ ಎತ್ತಿ" ಎಂದೆ. ಕಾಲು ಎತ್ತಿದಿರಿ, ತಲೆ ಎತ್ತಲಿಲ್ಲ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಅವರಾದರೂ ಹುಡುಕಿದ್ದರು. ನಿಮ್ಮ ವರದಿ ಓದಿದ್ದೂ ಅದೇ ಮೇಜಿನ ಮೇಲೆ, ಧೂಳು ಒರೆಸುವಾಗ. ಹೈಸ್ಕೂಲು ಮುಗಿಸಿದವಳು ನಾನು, ಸಣ್ಣಕ್ಷರವೂ ಕಾಣುತ್ತದೆ.

ಕೂಲಿ ಏರಿದ್ದರೆ ಈ ಎರಡನೆಯ ಕೆಲಸ ಬಿಟ್ಟು ಮೂರಕ್ಕೆ ಮಗಳ ಜೊತೆ ಮನೆಯಲ್ಲಿರುತ್ತಿದ್ದೆ. ಮನೆಯಲ್ಲಿದ್ದಿದ್ದರೆ ನಿಮ್ಮ ಎಣಿಕೆಗೆ ಸಿಗುತ್ತಿದ್ದೆ. ಎಣಿಕೆಗೆ ಸಿಕ್ಕರೆ ತಾನೇ ಕೂಲಿ ಏರುವುದು! ಹುಚ್ಚು ಬಿಡುವವರೆಗೆ ಮದುವೆಯಿಲ್ಲ, ಮದುವೆಯಾಗುವವರೆಗೆ ಹುಚ್ಚು ಬಿಡುವುದಿಲ್ಲ. ಗಾದೆ ಕೇಳಿ ಎಲ್ಲರೂ ನಗುತ್ತಾರೆ. ನನಗೆ ನಗು ಬರುವುದಿಲ್ಲ, ಬೀಗದ ಹಿಂದೆ ಕೂತಿರುವುದು ನನ್ನ ಮಗು.

ಆದ್ದರಿಂದ ವರದಿಯನ್ನು ಹಿಂದಕ್ಕೆ ಪಡೆಯಿರಿ, ಹಾಗೆಂದು ವೇತನ ಸಮಿತಿಗೆ ಬರೆಯಿರಿ. ಬಿಟ್ಟುಬಂದ ಅಷ್ಟೂ ಮನೆಗಳ ಬಾಗಿಲನ್ನು ವಾರದ ರಜೆಯ ದಿನ ಮತ್ತೆ ತಟ್ಟಿಸಿ. ಮೊದಲ ಫಾರಮ್ಮಿಗೆ ದೂರ ಹೋಗುವುದೂ ಬೇಡ. ನಾಳೆ ಮೂರಕ್ಕೆ ಬಕೆಟ್ಟು ಹಿಡಿದು ಬರುತ್ತೇನೆ, ಕಾಲು ಎತ್ತುವ ಮೊದಲು ನನ್ನ ಕೂಲಿ ಎಷ್ಟೆಂದು ಕೇಳಿ.

ಇದನ್ನು ಓದಿ ಸಿಟ್ಟು ಬಂದು ನನ್ನನ್ನು ಕೆಲಸದಿಂದ ತೆಗೆಸಿದಿರೋ, ಒಂದು ಉಪಕಾರ ಮಾಡಿ. ಅಂದೇ ಮಧ್ಯಾಹ್ನ ಸಮೀಕ್ಷೆಯವರನ್ನು ಕಳಿಸಿ. ಬಾಗಿಲಿಗೆ ಬೀಗ ಇರುವುದಿಲ್ಲ. ನಾನು ಮನೆಯಲ್ಲೇ ಇರುತ್ತೇನೆ. ಅವರು ಬರೆದುಕೊಳ್ಳಲು ಕೂಲಿ ಮಾತ್ರ ಎರಡಿದ್ದದ್ದು ಒಂದೇ ಆಗಿರುತ್ತದೆ.

ಇಂತಿ,
ದಿನಾ ನಿಮ್ಮ ಕೋಣೆಯಲ್ಲಿದ್ದೂ ನಿಮ್ಮ ಎಣಿಕೆಗೆ ಸಿಗದ,
'ಯಾರೂ ಇಲ್ಲ'ದ ಮನೆಯವಳು